ಚಪ್ಪರದ ಅಂಗಡಿಯಲ್ಲೊಂದು ಫ್ರೀಜರ್ ಪೆಟ್ಟಿಗೆ

ಅವ್ವ ತೀರಿಕೊಂಡದ್ದು ನಡುಬೇಸಿಗೆಯಲ್ಲಿ, ನಂಜನಗೂಡಿನ ಕಡೆಯ ಹದಿನಾರು ಎಂಬ ಹಳ್ಳಿಯ ನಮ್ಮ ಮನೆಯಲ್ಲಿ. ಅಣ್ಣ ಸೇನೆಯಲ್ಲಿದ್ದ. ಈಶಾನ್ಯದ ಗಡಿಯಿಂದ ಅವನು ಊರು ಮುಟ್ಟುವುದು ಮಾರನೆಯ ದಿನ ಮಧ್ಯಾಹ್ನದ ಮೇಲೆಯೇ. ಹಿರಿಮಗ ಬಾರದೆ ಎತ್ತುವಂತಿಲ್ಲ ಎಂದು ಊರಿನವರು ಹೇಳಿದರು. ಶವ ಇಡುವ ಫ್ರೀಜರ್ ಪೆಟ್ಟಿಗೆಗಾಗಿ ನಾನು ಜಗಲಿಯಲ್ಲಿ ನಿಂತು ಮೈಸೂರಿಗೆ ಫೋನು ಮಾಡುತ್ತಲೇ ಇದ್ದೆ. ಒಂದು ಪೆಟ್ಟಿಗೆ ಬೇರೆ ಮನೆಯಲ್ಲಿತ್ತು, ಒಂದು ಕೆಟ್ಟಿತ್ತು, ಇನ್ನೊಂದರ ಮಾಲೀಕರು ಅಷ್ಟು ದೂರದ ಹಳ್ಳಿಗೆ ಕಳಿಸುವುದಿಲ್ಲ ಎಂದರು. ಕೊನೆಗೆ ಭಾವ ನಂಜನಗೂಡಿನಿಂದ ಐಸ್ ದಿಮ್ಮಿಗಳನ್ನು ತಂದರು. ಭತ್ತದ ಹೊಟ್ಟು ಹರಡಿ, ಅದರ ಮೇಲೆ ಐಸ್ ಇಟ್ಟು, ಗೋಣಿ ಹಾಸಿ ಅವ್ವನನ್ನು ಮಲಗಿಸಿದೆವು.

ಐಸ್ ಕರಗಿತು. ನೀರು ಹೊಟ್ಟನ್ನು ಎಳೆದುಕೊಂಡು ನಡುಮನೆಯ ಕೆಂಪು ಗಾರೆಯ ಮೇಲೆ ಹರಿದು ಹೊಸಿಲಿನ ತನಕ ಬಂತು. ನೋಡಲು ಬಂದವರು ಅದನ್ನೇ ತುಳಿದುಕೊಂಡು ಒಳಗೆ ಹೋಗಿ ತುಳಿದುಕೊಂಡು ಹೊರಗೆ ಬಂದರು. ಅವ್ವನ ಸೀರೆಯ ಅಂಚು ನೆನೆದು ಕಪ್ಪಗಾಯಿತು. ಅಕ್ಕ ಒಂದು ಹಳೆಯ ಪಂಚೆ ಹಿಡಿದು ಕೂತಿದ್ದಳು. ನೆಲ ಒರೆಸುವುದು, ಬಕೆಟ್ಟಿಗೆ ಹಿಂಡುವುದು, ಮತ್ತೆ ಒರೆಸುವುದು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಆ ದಿನ ಅವಳ ಬಾಯಿಂದ ನಾನು ಕೇಳಿದ್ದು ಒಂದೇ ಮಾತು: "ಅವ್ವ ನೆಂದೋಯ್ತಾವ್ಳೆ ಕಣೋ."

ಆಗ ಅಕ್ಕನಿಗೆ ನಂಜನಗೂಡಿನಲ್ಲಿ ಚಪ್ಪರ ಮತ್ತು ಬಾಡಿಗೆ ಸಾಮಾನಿನ ಅಂಗಡಿ ಇತ್ತು. ಭಾವ ಮೊದಲು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿದ್ದವರು. ಗುತ್ತಿಗೆ ಮುಗಿದ ಮೇಲೆ ಮನೆಯಲ್ಲಿ ಕೂತರು. ಅದೇ ಹೊತ್ತಿಗೆ ಪೇಟೆಯಲ್ಲಿ ಒಂದು ಹಳೆಯ ಹೋಟೆಲು ಬಾಗಿಲು ಹಾಕಿತು. ಅದರ ಕೊಪ್ಪರಿಗೆ, ಡಬರಿ, ಸೌಟುಗಳನ್ನು ಅಕ್ಕ ಕೊಂಡುಕೊಂಡು ನಾಮಕರಣ, ಬೀಗರ ಊಟಗಳಿಗೆ ಬಾಡಿಗೆಗೆ ಕೊಡಲು ಶುರುಮಾಡಿದಳು. ಪಾತ್ರೆ ಕೊಟ್ಟು ಸುಮ್ಮನಾಗುವವಳಲ್ಲ. ಪಾತ್ರೆಯ ಹಿಂದೆಯೇ ಹೋಗಿ ಅಡುಗೆಯವರ ಪಕ್ಕದಲ್ಲಿ ನಿಂತು, ಯಾವ ಅಳತೆಯದು ಕೈಗೆ ಬರುತ್ತದೆ, ಯಾವುದು ಮೂಲೆಯಲ್ಲಿ ಬೋರಲು ಬಿದ್ದಿರುತ್ತದೆ ಎಂದು ನೋಡುತ್ತಿದ್ದಳು. ಮುಂದಿನ ಸಲ ಬೇಕಾದ ಅಳತೆಯನ್ನೇ ಕೊಳ್ಳುತ್ತಿದ್ದಳು. ಹಾಗೆ ಪಾತ್ರೆಯ ಮೇಲೆ ಜಮಖಾನ ಬಂತು, ಕುರ್ಚಿ ಬಂತು, ಶಾಮಿಯಾನ ಬಂತು, ಕೊನೆಗೆ ಕಬ್ಬಿಣದ ಪೈಪಿನ ಚಪ್ಪರ, ಥರ್ಮಾಕೋಲಿನ ಕಮಾನು, ದೀಪದ ಸರ, ಜನರೇಟರ್ ಬಂದವು. ಭಾವ ಟೆಂಪೋ ಓಡಿಸತೊಡಗಿದರು.

ಅವಳಿಗೆ ಹೆಸರು ಬಂದದ್ದು ಹಾಲುಗಂಬದಿಂದ. ನಮ್ಮ ಕಡೆ ಮದುವೆಯ ಹಿಂದಿನ ದಿನ ಮನೆಯ ಮುಂದೆ ಚಪ್ಪರ ಹಾಕಿ, ಹಾಲು ಬರುವ ಮರದ ಕೊಂಬೆಯೊಂದನ್ನು ನೆಟ್ಟು, ಮುತ್ತೈದೆಯರು ಅದಕ್ಕೆ ಹಾಲು ಎರೆಯುತ್ತಾರೆ. ಪೈಪಿನ ಚಪ್ಪರದವರಿಗೆ ಇದರ ಗೊಡವೆ ಇರಲಿಲ್ಲ. ಕಂಡಲ್ಲಿ ಗುಂಡಿ ತೋಡಿ ಕಂಬ ನಿಲ್ಲಿಸಿ ಹೋಗುತ್ತಿದ್ದರು. ಹಾಲುಗಂಬ ಎಲ್ಲೋ ಚರಂಡಿಯ ಪಕ್ಕಕ್ಕೆ ಸರಿಯುತ್ತಿತ್ತು. ಅಕ್ಕ ಮಾತ್ರ ಗಾಡಿಯಿಂದ ಇಳಿದ ಕೂಡಲೇ ಮನೆಯ ಹಿರಿಯ ಹೆಂಗಸನ್ನು ಹುಡುಕಿ, "ಆಲುಗಂಬ ಎಲ್ಲಿ ನೆಡ್ತೀರವ್ವ?" ಎಂದು ಕೇಳುತ್ತಿದ್ದಳು. ಆ ಜಾಗ ಬಿಟ್ಟು, ಅದರ ಸುತ್ತ ಚಪ್ಪರ ಕಟ್ಟುತ್ತಿದ್ದಳು. ಅಷ್ಟಕ್ಕೇ ಹೆಂಗಸರು ಅವಳನ್ನು ಹಚ್ಚಿಕೊಂಡರು. ಬಿಳಿಗೆರೆಯಿಂದ ಬನ್ನೂರಿನವರೆಗೆ ಮದುವೆ ಗೊತ್ತಾದರೆ ಛತ್ರಕ್ಕಿಂತ ಮೊದಲು ಅವಳಿಗೆ ಫೋನು ಬರುತ್ತಿತ್ತು.

ಅಂಗಡಿಗೆ ಅವಳು ಅವ್ವನ ಹೆಸರಿಟ್ಟಿದ್ದಳು, ಅವ್ವ ಬದುಕಿದ್ದಾಗಲೇ. ಕುರ್ಚಿಯ ಬೆನ್ನು, ಕೊಪ್ಪರಿಗೆಯ ಹೊಟ್ಟೆ, ಜಮಖಾನದ ಮೂಲೆ, ಎಲ್ಲದರ ಮೇಲೂ ಹಸಿರು ಬಣ್ಣದಲ್ಲಿ ಅದೇ ಹೆಸರು. ಅವ್ವ ಒಮ್ಮೆ ಒಂದು ಬೀಗರ ಊಟದಲ್ಲಿ ಕೂತು, "ನನ್ ಎಸ್ರಿನ್ ಮ್ಯಾಲೆ ಊರ್ನೋರೆಲ್ಲ ಕೂತವ್ರಲ್ಲೇ" ಎಂದು ನಕ್ಕಿದ್ದಳು.

ಅವ್ವನ ವರ್ಷದ ತಿಥಿ ಮುಗಿದ ವಾರದಲ್ಲೇ ಅಕ್ಕ ಒಂದು ಫ್ರೀಜರ್ ಪೆಟ್ಟಿಗೆ ತಂದಳು. ಮೇಲೆ ಗಾಜಿನ ಮುಚ್ಚಳ, ಕೆಳಗೆ ಕಂಪ್ರೆಸರ್, ಉರುಳಿಸಲು ಗಾಲಿ. ಯಾರ ಮನೆಯಲ್ಲಿ ಸಾವಾದರೂ ಬಾಡಿಗೆ ಇಲ್ಲದೆ ಕೊಡುವುದು ಎಂದಳು. ನಮ್ಮ ಕಡೆ ಯಾರು ಏನು ದಾನ ಕೊಟ್ಟರೂ ಅದರ ಮೇಲೆ ಹೆಸರು ಬರೆಸುವುದು ರೂಢಿ. ಬಸ್ ನಿಲ್ದಾಣದ ಕಲ್ಲುಬೆಂಚು, ಶಾಲೆಯ ಗಡಿಯಾರ, ಗುಡಿಯ ಫ್ಯಾನಿನ ರೆಕ್ಕೆಯ ಮೇಲೂ ಹೆಸರಿರುತ್ತದೆ. ಕುರ್ಚಿಗಳಿಗೆ ಬರೆದ ಪೇಂಟರನ್ನೇ ಅಕ್ಕ ಕರೆಸಿದಳು. ಅದೇ ಹಸಿರು ಬಣ್ಣ, ಅದೇ ಅಕ್ಷರ. ಗಾಜಿನ ಕೆಳಗಿನ ಬಿಳಿ ತಗಡಿನ ಮೇಲೆ ಅವ್ವನ ಹೆಸರು ಎದ್ದು ಕಾಣುತ್ತಿತ್ತು. ಬರೆಸಬಾರದು ಎಂದು ಯಾರಿಗೂ ಹೊಳೆಯಲಿಲ್ಲ. ಅಂಗಡಿಯ ಮುಂದೆ ನಿಂತು ನೋಡಿದವರೆಲ್ಲ ಚೆನ್ನಾಗಿದೆ ಎಂದರು. ಆ ವರ್ಷದ ಆಯುಧಪೂಜೆಯಲ್ಲಿ ಟೆಂಪೋ, ಜನರೇಟರ್, ಕೊಪ್ಪರಿಗೆಗಳಿಗೆ ಕುಂಕುಮ ಇಟ್ಟು ಬಂದ ಭಾವ ಪೆಟ್ಟಿಗೆಯ ಮುಂದೆ ಕೈ ತಡೆದು ನಿಂತರು. ಅಕ್ಕ ಅವರ ಕೈಯಿಂದ ತಟ್ಟೆ ತೆಗೆದುಕೊಂಡು ತಾನೇ ಕುಂಕುಮ ಇಟ್ಟಳು.

ಪೆಟ್ಟಿಗೆಯ ಕೆಲಸವನ್ನೂ ಅವಳು ಪಾತ್ರೆಯ ಕೆಲಸದಂತೆಯೇ ಕಲಿತಳು. ಹಳ್ಳಿಯ ಮನೆಗಳಲ್ಲಿ ವೋಲ್ಟೇಜ್ ಬೀಳುತ್ತದೆ, ಕಂಪ್ರೆಸರ್ ಸುಟ್ಟುಹೋಗುತ್ತದೆ. ಸ್ಟೆಬಿಲೈಸರ್, ಟೆಸ್ಟರ್ ಜೊತೆಗೇ ಒಯ್ಯತೊಡಗಿದಳು. ನೆಲ ಮಟ್ಟ ಇಲ್ಲದಿದ್ದರೆ ಗಾಲಿಯ ಕೆಳಗೆ ಹೆಂಚಿನ ಚೂರು ಇಡುತ್ತಿದ್ದಳು. ಸತ್ತವರ ಮಗಳೋ ತಂಗಿಯೋ ಮತ್ತೆ ಮತ್ತೆ ಗಾಜು ತೆರೆದು ಮುಖ ಮುಟ್ಟಿದರೆ ತಂಪು ನಿಲ್ಲುವುದಿಲ್ಲ. ಹಾಗೆಂದು ಹೇಳಿದರೆ ಯಾರೂ ಕೇಳುವುದಿಲ್ಲ. ಅವಳು ಹೇಳುತ್ತಿದ್ದ ಮಾತು ಬೇರೆ: "ಮುಚ್ಚಿರ್ಲಿ ಬುಡವ್ವ, ಅವ್ರಿಗೆ ಸೆಕೆ ಆಯ್ತದೆ." ಆ ಮಾತಿಗೆ ಎಂಥವರೂ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು.

ಸಾವಿನ ಮನೆಯಲ್ಲಿ ಬಂದವರನ್ನು ಬನ್ನಿ ಎನ್ನುವುದಿಲ್ಲ. ಹೊರಡುವವರು ಹೋಗಿ ಬರುತ್ತೇನೆ ಎನ್ನುವುದಿಲ್ಲ. ಹೇಳದೆ ಎದ್ದು ಹೊರಡಬೇಕು. ಅಕ್ಕ ಪೆಟ್ಟಿಗೆ ಒಳಗೆ ತಳ್ಳಿ, ವೈರು ಸಿಕ್ಕಿಸಿ, ಗುರುಗುಟ್ಟುವ ಸದ್ದು ಸರಿಯಾಗಿದೆಯೇ ಎಂದು ಕಿವಿಗೊಟ್ಟು, ಸುಮ್ಮನೆ ಎದ್ದು ಬರುತ್ತಿದ್ದಳು.

ನಾನು ಮೈಸೂರಿನ ಒಂದು ದಿನಪತ್ರಿಕೆಯಲ್ಲಿ ಜಿಲ್ಲಾ ಪುಟ ನೋಡುತ್ತಿದ್ದೆ. ನಿಧನ ವಾರ್ತೆಗಳು ನನ್ನ ಮೇಜಿಗೆ ಬರುತ್ತಿದ್ದವು. ನಂಜನಗೂಡು, ಟಿ. ನರಸೀಪುರ ಎರಡು ತಾಲ್ಲೂಕುಗಳದ್ದು ಬರುವ ಮೊದಲೇ ಅಕ್ಕನಿಗೆ ಗೊತ್ತಿರುತ್ತಿತ್ತು. "ನಿಮ್ಮಕ್ಕನ್ನ ಕೇಳಿ ಪುಟ ಮಾಡ್ರೀ, ಕೆಲ್ಸ ಬೇಗ ಆಗತ್ತೆ" ಎಂದು ಪಕ್ಕದ ಮೇಜಿನವರು ತಮಾಷೆ ಮಾಡುತ್ತಿದ್ದರು.

ಮದುವೆಯ ಗಿರಾಕಿಗಳು ಕಡಿಮೆಯಾದದ್ದು ಮೊದಲು ಯಾರ ಗಮನಕ್ಕೂ ಬರಲಿಲ್ಲ. ಮುಹೂರ್ತ ಕಡಿಮೆ ಇರಬೇಕು ಎಂದುಕೊಂಡೆವು. ಒಂದು ಭಾನುವಾರ ನಾನು ಅಂಗಡಿಯಲ್ಲಿ ಕೂತಿದ್ದಾಗ ಬಿಳಿಗೆರೆಯ ಒಬ್ಬ ಹಿರಿಯರು ಬಂದರು. ಅವರ ಇಬ್ಬರು ಮಕ್ಕಳ ಮದುವೆಗೆ ಅಕ್ಕನೇ ಚಪ್ಪರ ಹಾಕಿದ್ದಳು. ಮೂರನೆಯವಳದು ಗೊತ್ತಾಗಿತ್ತು. ಕಾಫಿ ಕುಡಿದರು, ಮಳೆಯ ಮಾತಾಡಿದರು, ನಾಲೆಯಲ್ಲಿ ನೀರು ಬಿಡುವ ಮಾತಾಡಿದರು. ಕೊನೆಗೆ ಹೇಳಿದರು: "ಸಾಮಾನು ನಿಂದೇ ಕಣವ್ವ, ಅದ್ರಲ್ಲೇನಿಲ್ಲ. ಗಾಡಿ ಮಾತ್ರ ನಾನೇ ಕಳಿಸ್ತೀನಿ."

"ನಮ್ ಗಾಡಿಗೇನಾಗದೆ ಗೌಡ್ರೇ?"

"ಗಾಡಿಗೇನೂ ಆಗಿಲ್ಲ. ಮೊನ್ನೆ ನಮ್ ಬೀದೀಲಿ ಆ ಪೆಟ್ಟಿಗೆ ಇಳಿಸ್ತಲ್ಲ, ಅದೇ ಗಾಡಿ. ಎಂಗಸ್ರು ನೋಡವ್ರೆ. ನಂಗೇನಿಲ್ಲ ಕಣವ್ವ, ನಾನು ಅಂತದ್ದೆಲ್ಲ ನಂಬಲ್ಲ. ಎಂಗಸ್ರು."

"ಆಯ್ತು, ಬ್ಯಾರೆ ಗಾಡೀಲಿ ಕಳಿಸ್ತೀನಿ ಬುಡಿ."

ಅವರು ಎದ್ದು ಒಂದು ಕುರ್ಚಿಯನ್ನು ತಿರುಗಿಸಿ ಅದರ ಬೆನ್ನು ನೋಡಿದರು. "ಇಲ್ಲೂ ಅದೇ ಎಸ್ರು, ಅಲ್ಲೂ ಅದೇ ಎಸ್ರು" ಎಂದರು. "ಗಂಡಿನ್ ಕಡೆಯೋರು ಮೊನ್ನೆ ಅದನ್ನೂ ಓದ್ಕಂಡೋದ್ರು." ಹೇಳಿ ಕಳಿಸುತ್ತೇನೆ ಎಂದು ಹೋದವರು ಹೇಳಿ ಕಳಿಸಲಿಲ್ಲ.

ಅವರು ಹೋದ ಮೇಲೆ ಭಾವ ಪೆಟ್ಟಿಗೆಯ ಮೇಲಿನ ಹೆಸರನ್ನು ಕೆರೆದುಬಿಡೋಣ ಎಂದರು. ಅಕ್ಕ ಒಪ್ಪಲಿಲ್ಲ. "ಚೇರಿನ್ ಮ್ಯಾಲಿಂದ ಕೆರಿ, ಬೇಕಾದ್ರೆ. ಪೆಟ್ಟಿಗೆದು ಅವ್ವಂದು" ಎಂದಳು. ಕುರ್ಚಿಯ ಮೇಲಿನದೂ ಅವ್ವನದೇ ಎಂದು ಭಾವ ಹೇಳಿದರು. ಕೊನೆಗೆ ಯಾವುದನ್ನೂ ಕೆರೆಯಲಿಲ್ಲ.

ಎರಡನ್ನೂ ಉಳಿಸಿಕೊಳ್ಳಬೇಕು ಎಂಬುದು ಅಕ್ಕನ ಹಟ. ಪೆಟ್ಟಿಗೆ ಬಿಟ್ಟರೆ ಚಪ್ಪರ ಉಳಿಯುತ್ತದೆ ಎಂದು ಎಲ್ಲರೂ ಹೇಳಿದರು. ಅವಳು ಬೇರೆ ದಾರಿ ಹುಡುಕಿದಳು. ಪೆಟ್ಟಿಗೆಗೆ ಬಾಡಿಗೆಯ ಗೂಡ್ಸ್ ಆಟೋ ಗೊತ್ತುಮಾಡಿದಳು. ಪೆಟ್ಟಿಗೆಯನ್ನು ಅಂಗಡಿಯಿಂದ ದೂರ ಇಡಲು ಜಾಗ ಕೇಳಿಕೊಂಡು ತಿರುಗಿದಳು. ಒಂದು ಟ್ರಸ್ಟಿನವರು ಪುಣ್ಯದ ಕೆಲಸ ಎಂದರು, ತಮ್ಮ ಶೆಡ್ಡಿನಲ್ಲಿ ಮಕ್ಕಳ ಟ್ಯೂಷನ್ ನಡೆಯುತ್ತದೆ ಎಂದೂ ಹೇಳಿದರು. ಖಾಲಿ ಮಳಿಗೆಯ ಮಾಲೀಕರೊಬ್ಬರು ಕೈ ಮುಗಿದೇ ಬೇಡ ಎಂದರು. ಇನ್ನೊಬ್ಬರು ಕೊಟ್ಟರು, ಮಾರನೆಯ ದಿನ ಅಕ್ಕಪಕ್ಕದ ಅಂಗಡಿಯವರು ಸೇರಿ ವಾಪಸು ಕಳಿಸಿದರು. ಪೆಟ್ಟಿಗೆ ಅಂಗಡಿಯ ಹಿಂಭಾಗಕ್ಕೇ ಮರಳಿ ಬಂತು. ಅಕ್ಕ ಅದರ ಮೇಲೆ ನೀಲಿ ಟಾರ್ಪಾಲು ಹೊದಿಸಿದಳು. ಜನರೇಟರ್ ಮಾತ್ರ ಎರಡಕ್ಕೂ ಒಂದೇ ಉಳಿಯಿತು.

ಅದೇ ದಿನಗಳಲ್ಲಿ ಪಟ್ಟಣದ ಒಂದು ಸಂಘದವರು ಮಹಿಳಾ ದಿನಾಚರಣೆಯಲ್ಲಿ ಅವಳಿಗೆ ಸನ್ಮಾನ ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಸಣ್ಣ ಉದ್ಯಮಿಯಾಗಿ ಬೆಳೆದು ಸಮಾಜಕ್ಕೆ ಮರಳಿ ಕೊಟ್ಟ ಮಹಿಳೆ ಎಂದು ಅಧ್ಯಕ್ಷರು ಮಾತಾಡಿದರು. ನಾನು ಹಿಂದಿನ ಸಾಲಿನಲ್ಲಿದ್ದೆ. ನನ್ನ ಮುಂದಿದ್ದ ಕುರ್ಚಿಗಳ ಬೆನ್ನಿನ ಮೇಲೆ ಹಳದಿ ಬಣ್ಣದಲ್ಲಿ ಟಿ. ನರಸೀಪುರದ ಇನ್ನೊಂದು ಅಂಗಡಿಯ ಹೆಸರಿತ್ತು. ಮೊದಲು ಈ ಸಂಘದ ಎಲ್ಲ ಕಾರ್ಯಕ್ರಮಕ್ಕೂ ಕುರ್ಚಿ ಹೋಗುತ್ತಿದ್ದದ್ದು ಅಕ್ಕನ ಅಂಗಡಿಯಿಂದ. ಅವಳೂ ವೇದಿಕೆಗೆ ಹೋಗುವಾಗ ನೋಡಿರಬೇಕು. ನಡೆಯುತ್ತಲೇ ಒಂದರ ಮೇಲೆ ಕೈಯಿಟ್ಟು ಸ್ವಲ್ಪ ಒತ್ತಿದಳು.

ವಾಪಸು ಬರುವಾಗ ಗಾಡಿಯಲ್ಲಿ ಅವಳು ಅದನ್ನೇ ಎತ್ತಿದಳು: "ಅವ್ನ್ ಚೇರು ಕಾಲು ಅಗಲಿಸ್ತವೆ. ದಪ್ಪಗಿರೋರು ಕೂತ್ರೆ ಬೀಳ್ತರೆ."

"ಅಧ್ಯಕ್ಷರು ಬೀಳ್ಬೇಕಿತ್ತು" ಎಂದರು ಭಾವ.

"ಅವ್ರು ಸೋಫಾದಲ್ಲಿ ಕೂತಿದ್ರು ಬುಡು" ಎಂದಳು.

ಸನ್ಮಾನದ ಫೋಟೋ ನಮ್ಮ ಪತ್ರಿಕೆಯಲ್ಲೂ ಬಂತು. ಸುದ್ದಿಯನ್ನು ಬೇರೆಯವರು ನೋಡಿದರು, ನಾನು ಮುಟ್ಟಲಿಲ್ಲ. ಆ ವರ್ಷ ಮಾಘದ ಮದುವೆಗಳಲ್ಲಿ ಒಂದು ಚಪ್ಪರವೂ ಬಂದಿರಲಿಲ್ಲ.

ಬಂದದ್ದು ಬೇಸಿಗೆಯಲ್ಲಿ, ಒಂದೇ ಒಂದು. ಟಿ. ನರಸೀಪುರದ ಪಕ್ಕದ ಹಳ್ಳಿಯ ಹಾಲಿನ ಡೇರಿ ಕಾರ್ಯದರ್ಶಿಯದು. ಅವರ ತಂದೆ ತೀರಿಕೊಂಡಾಗ ಅಕ್ಕನ ಪೆಟ್ಟಿಗೆ ಅವರ ಮನೆಗೆ ಹೋಗಿತ್ತು. ಅದನ್ನು ಅವರು ಮರೆತಿರಲಿಲ್ಲ. ಅಂಗಡಿಗೇ ಬಂದು, "ನಮ್ಮಪ್ಪನ್ನ ತಣ್ಣಗೆ ಕಳಿಸ್ಕೊಟ್ಟವಳು ನೀನು ಕಣವ್ವ. ನನ್ ಮಗಳ್ ಚಪ್ಪರಾನೂ ನೀನೇ ಆಕ್ಬೇಕು, ಛತ್ರದ್ ಮಂಟಪಾನೂ ನಿಂದೇಯ. ಯಾವನೇನಂತನೋ ನೋಡ್ತೀನಿ" ಎಂದರು. ಅಕ್ಕ ಅಂದು ಸಂಜೆ ನನಗೆ ಫೋನು ಮಾಡಿದಳು. "ನರಸೀಪುರದ್ ಛತ್ರ ಕಣೋ. ಎರಡು ತಾಲ್ಲೂಕಿನ್ ಜನ ಬತ್ತರೆ. ಇದೊಂದು ಚೆಂದಾಗಿ ಆದ್ರೆ ನೋಡ್ದೋರು ತಿರ್ಗ ಬತ್ತರೆ. ಇಲ್ದಿದ್ರೆ ಪೈಪು ಆರ್ಚು ಎಲ್ಲಾ ಮಾರ್ಬುಡದೇಯ."

ಚಪ್ಪರದ ದಿನ ನಾನು ರಜೆ ಹಾಕಿ ಅಲ್ಲಿಗೆ ಹೋದೆ. ಅಕ್ಕ ಬೆಳಿಗ್ಗೆಯೇ ಹೋಗಿ ಎಂದಿನಂತೆ ಹಾಲುಗಂಬದ ಜಾಗ ಕೇಳಿ, ಅದರ ಸುತ್ತ ಪೈಪು ನಿಲ್ಲಿಸಿ, ತೆಂಗಿನ ಗರಿ, ಮಾವಿನ ಸೊಪ್ಪು, ಬಾಳೆಕಂದು ಕಟ್ಟಿಸಿದ್ದಳು. ಮನೆಯ ಮುಂದಿನ ಬೀದಿಯುದ್ದಕ್ಕೂ ದೀಪದ ಸರ ಎಳೆಸಿದ್ದಳು. ಲೈನಿನ ರಿಪೇರಿಯೆಂದು ಅಂದು ಸಂಜೆಯವರೆಗೆ ಕರೆಂಟು ಇರುವುದಿಲ್ಲ ಎಂದು ಮೊದಲೇ ಗೊತ್ತಿತ್ತು. ಅದಕ್ಕಾಗಿ ಜನರೇಟರ್ ತಂದು ಚಪ್ಪರದ ಹಿಂದೆ ಇಟ್ಟಿದ್ದರು. ದೀಪ ಹಚ್ಚುವ ಹೊತ್ತಿನವರೆಗೆ ಅದಕ್ಕೆ ಕೆಲಸ ಇರಲಿಲ್ಲ.

ಮುತ್ತೈದೆಯರು ಹಾಲೆರೆದು ಮುಗಿಸಿದ ಹೊತ್ತಿಗೆ ಅಕ್ಕನಿಗೆ ಫೋನು ಬಂತು. ಅದೇ ಹಳ್ಳಿಯ ದಲಿತರ ಕೇರಿಯಿಂದ. ನಂಜನಗೂಡಿನ ಗಾರ್ಮೆಂಟ್ಸಿಗೆ ಹೋಗುತ್ತಿದ್ದ ಹೆಂಗಸೊಬ್ಬರು ಬೆಳಿಗ್ಗೆ ಬಸ್ಸಿಗೆ ಹೊರಟವರು ಎದೆನೋವೆಂದು ಕೂತು ಅಲ್ಲೇ ಹೋಗಿಬಿಟ್ಟಿದ್ದರು. ಒಬ್ಬಳೇ ಮಗಳು, ಮಂಗಳೂರಿನ ಆಸ್ಪತ್ರೆಯಲ್ಲಿ ನರ್ಸು, ಬಸ್ಸು ಹತ್ತಿದ್ದಳು. ಬರುವುದು ಮಧ್ಯಾಹ್ನ ಕಳೆದ ಮೇಲೆ. ಪೆಟ್ಟಿಗೆ ಬೇಕಿತ್ತು.

ಊರಿನ ಬೀದಿಯಲ್ಲಿ ಸಾವಾಗಿದ್ದರೆ ಎತ್ತುವವರೆಗೆ ಮದುವೆಮನೆಯ ಒಲೆ ಹಚ್ಚುತ್ತಿರಲಿಲ್ಲ. ಸಾವು ಕೇರಿಯಲ್ಲಾಗಿತ್ತು, ಒಲೆ ಉರಿಯುತ್ತಲೇ ಇತ್ತು.

ಅಕ್ಕ ಭಾವನನ್ನು ನಂಜನಗೂಡಿಗೆ ಓಡಿಸಿದಳು. ಪೆಟ್ಟಿಗೆ ಗೂಡ್ಸ್ ಆಟೋದಲ್ಲಿ ಮದುವೆಮನೆಯ ಬೀದಿಗೆ ಬರದೆ ನಾಲೆಯ ಏರಿಯ ಮೇಲೆ ಸುತ್ತಿಕೊಂಡು ಕೇರಿಗೆ ಹೋಯಿತು. ಆದರೆ ಕರೆಂಟು ಇಲ್ಲದೆ ಪೆಟ್ಟಿಗೆ ಬರೀ ಪೆಟ್ಟಿಗೆ. ಅವಳು ಕಾರ್ಯದರ್ಶಿಯನ್ನು ಹಿತ್ತಲಿಗೆ ಕರೆದಳು. ನಾನು ಅಲ್ಲೇ ಇದ್ದೆ.

"ಜನರೇಟ್ರು ಬೇಕಾಗದೆ" ಎಂದಳು. "ಅಗಲೊತ್ತು ಅಲ್ಲಿಗೆ, ಸಂದೆಗೆ ಇಲ್ಲಿಗೆ. ಟೈಮು ಬ್ಯಾರೆ ಬ್ಯಾರೆ. ತೊಂದ್ರೆ ಆಗಲ್ಲ."

ಅವರು ಟವೆಲಿನಿಂದ ಕತ್ತು ಒರೆಸಿಕೊಂಡು ನೆಲ ನೋಡಿದರು. "ನನ್ ಕೇಳ್ಬ್ಯಾಡ ಕಣವ್ವ. ಕೇಳ್ದಂಗೆ ತಗಂಡೋಗು. ದೀಪ ಅಚ್ಚೊ ಒತ್ಗೆ ತಂದ್ ಮಡಗ್ಬುಡು. ನಾನು ನೋಡಿಲ್ಲ."

ಜನರೇಟರ್ ಹೋಯಿತು. ನಾನೂ ಹೋದೆ. ಶೀಟಿನ ಮನೆ, ಒಳಗೆ ಗೋಡೆಯ ಮೇಲೆ ಬುದ್ಧನ ಪಟ. ಬಾಗಿಲಿನ ಮುಂದಿನ ಓಣಿ ಕಿರಿದು. ಜನರೇಟರನ್ನು ಗೋಡೆಗೆ ಒತ್ತಿ ಇಟ್ಟರು. ಅಕ್ಕ ಟೆಸ್ಟರ್ ಹಿಡಿದು ನೋಡಿ, ಗಾಲಿಯ ಕೆಳಗೆ ಹೆಂಚಿನ ಚೂರಿಟ್ಟು, ಕಿವಿಗೊಟ್ಟು ಕೇಳಿದಳು. ಸತ್ತವರ ತಂಗಿ ಗಾಜು ಎತ್ತಲು ಹೋದಾಗ ಅದೇ ಮಾತು ಹೇಳಿದಳು. ಮಗಳು ಬಂದದ್ದು ಮೂರು ಗಂಟೆ ಕಳೆದ ಮೇಲೆ. ಬ್ಯಾಗು ಹೆಗಲಲ್ಲೇ ಇತ್ತು. ಗಾಜು ತೆರೆಸಿ ತಾಯಿಯ ಹಣೆಯ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಹಾಗೇ ಕೂತಳು. ಬುದ್ಧವಂದನೆ ಹೇಳಿದರು. ತಮಟೆ ಶುರುವಾಯಿತು. ಊರಿನ ರೂಢಿಯಂತೆ ಹೆಣ ಎತ್ತುವಾಗ ಹೂವು, ಮಂಡಕ್ಕಿ ಪುರಿ ಎರಚಿದರು. ಓಣಿ ಕಿರಿದಾದ್ದರಿಂದ ಎರಚಿದ್ದು ಗೋಡೆಗೆ, ಬಾಗಿಲಿಗೆ, ನಮ್ಮ ತಲೆಗೆ ಎಲ್ಲದಕ್ಕೂ ಬಿತ್ತು. ತಮಟೆಯ ಸದ್ದು ಮದುವೆಮನೆಗೆ ಕೇಳಿಸಿದಾಗ ಅಲ್ಲಿ ಯಾರೋ ಸ್ಪೀಕರಿನ ಸದ್ದು ಹೆಚ್ಚಿಸಿದರಂತೆ. ಇದು ಆಮೇಲೆ ಅಡುಗೆಯವರು ಹೇಳಿದ್ದು.

ಅಕ್ಕ ಹೇಳಿದ ಹೊತ್ತಿಗೇ ಜನರೇಟರ್ ವಾಪಸು ಬಂತು. ಹಾದಿಯಲ್ಲಿ ನಾಲೆಯ ಬಳಿ ನಿಲ್ಲಿಸಿ ಅವಳೇ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದಳು. ಭಾವ ಅರಿಸಿನದ ನೀರು ಚಿಮುಕಿಸಿದರು. ಚಪ್ಪರದ ಹಿಂದೆ ಮೊದಲಿದ್ದ ಜಾಗದಲ್ಲೇ, ಮೊದಲಿದ್ದ ದಿಕ್ಕಿಗೇ ಮುಖ ಮಾಡಿ ಇಟ್ಟರು. ಇನ್ನೂ ಬೆಳಕಿತ್ತು. ಬೀಗರು ಬಂದಿರಲಿಲ್ಲ. ಅವಳ ಲೆಕ್ಕದಲ್ಲಿ ಎಲ್ಲೂ ತಪ್ಪಿರಲಿಲ್ಲ.

ಕಾರ್ಯದರ್ಶಿಯ ಅಕ್ಕ, ಮದುವಣಗಿತ್ತಿಯ ಸೋದರತ್ತೆ, ಕುಂಕುಮದ ಬಟ್ಟಲು ಹಿಡಿದು ಬಂದರು. ಮೊದಲ ದೀಪ ಹತ್ತುವ ಮುಂಚೆ ಯಂತ್ರಕ್ಕೂ ಒಂದು ಬೊಟ್ಟು ಇಡಬೇಕಲ್ಲ ಎಂದು. ಬಗ್ಗಿದವರು ಬಗ್ಗಿದಂತೆಯೇ ನಿಂತರು.

"ಏನವ್ವ ಇದು?"

ಫ್ಯಾನಿನ ಜಾಲರಿಯ ಒಳಗೆ, ಬಟ್ಟೆ ಹೋಗದ ಕಡೆ, ಪುರಿಯ ಕಾಳುಗಳು ಸಿಕ್ಕಿಕೊಂಡಿದ್ದವು. ಬೆಳ್ಳಗೆ, ಒಂದು ಚೆಂಡುಹೂವಿನ ಎಸಳಿನ ಜೊತೆ.

"ಪುರಿ" ಎಂದಳು ಅಕ್ಕ.

"ಪುರಿ ಅಂತ ನಂಗೂ ಗೊತ್ತು. ತಮಟೆ ನಮ್ಗೂ ಕೇಳ್ಸ್ತು. ಎಣದ್ ಮ್ಯಾಲೆ ಎರಚಿದ್ ಪುರಿಯ ಚಪ್ಪರದ್ ಮನೆಗೆ ತಂದಿದ್ದೀಯಲ್ಲ, ನಿನ್ ಮಗಳ್ ಮದ್ವೆ ಆಗಿದ್ರೆ ತರ್ತಿದ್ದಾ?"

ಭಾವ ಮುಂದೆ ಬಂದರು. "ಮಿಸಿನ್ಗೆ ಯಾವ್ ಸೂತ್ಕ ಕಣಕ್ಕ? ಒಗೆ ಕಾರ್ತದೆ, ಅಷ್ಟೇಯ."

"ಮಿಸಿನ್ಗೆ ಇಲ್ಲ ಕಣಪ್ಪ. ಅದ್ರಿಂದ ಅತ್ಕಳ ಬೆಳಕ್ಗೆ."

"ಬುಡಕ್ಕ, ಏನೋ ಒಂದೀಟು..." ಎಂದು ಕಾರ್ಯದರ್ಶಿ ಶುರುಮಾಡಿದರು.

"ನೀ ಸುಮ್ಕಿರ್ಲಾ. ಬೀಗ್ರು ಬರೋ ಒತ್ತು. ಯಾರು ಕೊಟ್ಟ್ರು ಇದನ್ನ ಅಲ್ಲಿಗೆ? ನೀ ಕೊಟ್ಯಾ?"

ಕಾರ್ಯದರ್ಶಿ ಮತ್ತೆ ಟವೆಲಿನಿಂದ ಕತ್ತು ಒರೆಸಿಕೊಂಡರು. ಅಕ್ಕ ಅವರ ಮುಖ ನೋಡಲಿಲ್ಲ. "ನಾನೇ ತಗಂಡೋದೆ, ಯಾರ್ನೂ ಕೇಳ್ನಿಲ್ಲ" ಎಂದಳು. ಆಮೇಲೆ ಕುಕ್ಕರುಗಾಲಿನಲ್ಲಿ ಕೂತು, ತಲೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಜಾಲರಿಯೊಳಗಿಂದ ಒಂದೊಂದೇ ಕಾಳು ಹೊರಗೆಳೆದು ಸೆರಗಿನಲ್ಲಿ ಹಾಕಿಕೊಳ್ಳತೊಡಗಿದಳು. ಮುಗಿಯುವ ಮೊದಲೇ ಕಾರ್ಯದರ್ಶಿ ಅವಳ ಪಕ್ಕ ಬಗ್ಗಿ ಮೆಲ್ಲಗೆ, "ಇವತ್ತೊಂದ್ಸಲ ಸರ್ಸ್ಬುಡವ್ವ" ಎಂದರು. ನಾಳೆಯ ಮಂಟಪದ ಮಾತು ಅವರು ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ; ಸೋದರಳಿಯನೊಬ್ಬ ಆಗಲೇ ನರಸೀಪುರದ ಹಳದಿ ಅಕ್ಷರದ ಅಂಗಡಿಗೆ ಫೋನು ಮಾಡುತ್ತಿದ್ದ.

ಜನರೇಟರನ್ನು ಟೆಂಪೋಗೆ ಏರಿಸಿ ಹಗ್ಗ ಬಿಗಿಯುವ ಹೊತ್ತಿಗೆ ಕರೆಂಟು ಬಂತು. ಅಕ್ಕ ಬೆಳಿಗ್ಗೆಯಿಂದ ಕಟ್ಟಿಸಿದ್ದ ದೀಪಗಳೆಲ್ಲ ಒಟ್ಟಿಗೇ ಹೊತ್ತಿದವು. ಬೀದಿಯ ತುದಿಯಲ್ಲಿ ಗಾಡಿ ತಿರುಗುವಾಗ ಅವಳು ಕಿಟಕಿಯಿಂದ ಒಮ್ಮೆ ನೋಡಿದಳು. "ಮೂರ್ನೇ ಸರದಲ್ಲಿ ಒಂದ್ ಬಲ್ಬ್ ಓಗದೆ" ಎಂದಳು ಭಾವನಿಗೆ.

ನಾಲೆಯ ಏರಿಯ ಮೇಲೆ ಬಂದಾಗ ಭಾವ, "ಸಾವು ಅಂತ ಬ್ಯಾಡ ಅಂದ್ರಾ, ಕೇರಿ ಅಂತ ಬ್ಯಾಡ ಅಂದ್ರಾ?" ಎಂದು ಕೇಳಿದರು.

"ಸಾವು ಅಂದ್ರು" ಎಂದಳು ಅಕ್ಕ. "ಕೇರಿ ಅನ್ನೋದು ಅವ್ರಿಗೆ ಬೇಕಾಗ್ನಿಲ್ಲ." ಸೆರಗಿನಲ್ಲಿದ್ದ ಪುರಿಯನ್ನು ಕಿಟಕಿಯಿಂದ ನಾಲೆಗೆ ಕೊಡವಿದಳು.

ಮಂಗಳೂರಿಗೆ ವಾಪಸು ಹೋಗುವ ಮುಂಚೆ ಆ ನರ್ಸು ಹುಡುಗಿ ಅಂಗಡಿಗೆ ಬಂದಿದ್ದಳು ಎಂದು ಭಾವ ಹೇಳಿದರು. ಒಳಗೆ ಬರಲಿಲ್ಲವಂತೆ. ಮೆಟ್ಟಿಲ ಮೇಲೆ ನಿಂತು, "ಕೈ ಇ‌ಟ್ಟಾಗ ನಮ್ಮವ್ವ ತಣ್ಣಗಿದ್ಲು ಕಣಕ್ಕ. ನಾನು ಬರೋಗಂಟ ಎಂಗಿರ್ತಾಳೋ ಅಂತ ಬಸ್ಸಲ್ಲೆಲ್ಲ ಅದೇ ಯೋಚ್ನೆ" ಎಂದಳಂತೆ. ಅಕ್ಕ ಏನೆಂದಳು ಎಂದು ಕೇಳಿದೆ. ಊಟ ಮಾಡ್ಕಂಡೋಗು ಅಂದಳು ಎಂದರು.

ಆಷಾಢ ಬರುವ ಮೊದಲೇ ಅವಳು ಪೈಪು, ಕಮಾನು, ದೀಪದ ಸರ, ಮದುಮಕ್ಕಳು ಕೂರುವ ಕೆಂಪು ಮಖಮಲ್ಲಿನ ಆಸನಗಳು, ಕುರ್ಚಿಗಳಲ್ಲಿ ಬಹುಪಾಲು, ಎಲ್ಲವನ್ನೂ ನರಸೀಪುರದ ಆ ಅಂಗಡಿಗೇ ಮಾರಿದಳು. ಉಳಿಸಿಕೊಂಡದ್ದು ಬಿಳಿ ಶಾಮಿಯಾನ, ಜಮಖಾನ, ತಿಥಿಯ ಊಟಕ್ಕೆ ಬೇಕಾಗುವ ಪಾತ್ರೆ. ಈಗ ಅವಳಲ್ಲಿರುವುದು ಒಂದು ಪೆಟ್ಟಿಗೆಯಲ್ಲ, ಇನ್ನೂ ಬಂದಿವೆ. ಹೆಣ ಸಾಗಿಸುವ ವ್ಯಾನಿದೆ. ಹನ್ನೊಂದನೆಯ ದಿನದ ಶಾಮಿಯಾನದಿಂದ ಸಂಗಮದಲ್ಲಿ ಅಸ್ಥಿ ಬಿಡುವವರ ಊಟದವರೆಗೆ ಎಲ್ಲ ಅವಳೇ ನೋಡಿಕೊಳ್ಳುತ್ತಾಳೆ. ಪೆಟ್ಟಿಗೆಗೆ ಇಂದಿಗೂ ಬಾಡಿಗೆ ಇಲ್ಲ. ವ್ಯಾಪಾರ ಎಂದು ನೋಡಿದರೆ ಚಪ್ಪರದ ದಿನಗಳಿಗಿಂತ ದೊಡ್ಡದಾಗಿದೆ. ಮುಹೂರ್ತ ನೋಡಿ ಕಾಯಬೇಕಾಗಿಲ್ಲ ಎಂದು ಅವಳೇ ಒಮ್ಮೆ ಹೇಳಿದಳು. ನಗುತ್ತಾ ಹೇಳಿದಳೋ ಇಲ್ಲವೋ ಫೋನಿನಲ್ಲಿ ತಿಳಿಯಲಿಲ್ಲ.

ಮದುವೆಯ ಕರೆಗಳು ಅವಳ ಮನೆಗೆ ಬರುವುದಿಲ್ಲ. ಬಂದರೂ ಭಾವನ ಹೆಸರಿಗೆ ಬರುತ್ತವೆ. ಕಳೆದ ವರ್ಷ ಬನ್ನೂರಿನಲ್ಲಿ ನಮ್ಮ ದಾಯಾದಿಗಳ ಮನೆಯ ಮದುವೆಗೆ ನಾನು ಒಬ್ಬನೇ ಹೋಗಿದ್ದೆ. ಊಟಕ್ಕೆ ಕಾಯುತ್ತಾ ಕೂತಾಗ ಮುಂದಿನ ಸಾಲಿನ ಕುರ್ಚಿಯ ಬೆನ್ನಿನ ಮೇಲೆ ಹಳದಿ ಬಣ್ಣ ಅಲ್ಲಲ್ಲಿ ಎದ್ದುಹೋಗಿ ಕೆಳಗಿನ ಹಸಿರು ಕಾಣುತ್ತಿತ್ತು. ಅವ್ವನ ಹೆಸರಿನ ಕೊನೆಯ ಅಕ್ಷರ. ಆ ಕುರ್ಚಿಯ ಮೇಲೆ ಕೂತಿದ್ದ ಹೆಂಗಸು ಯಾರೋ ನನಗೆ ಗೊತ್ತಿಲ್ಲ.

ಹೋದ ತಿಂಗಳು ಅಕ್ಕ ನಮ್ಮ ಮನೆಗೆ ಬಂದಿದ್ದಳು. ಕಾಫಿ ಕುಡಿದಳು. ಬಿಳಿಗೆರೆಯ ಹಿರಿಯರು ತೀರಿಕೊಂಡ ಸುದ್ದಿ ಹೇಳಿದಳು. ಪೆಟ್ಟಿಗೆ ಅಲ್ಲಿಂದ ಆ ಬೆಳಿಗ್ಗೆಯಷ್ಟೇ ವಾಪಸು ಬಂದಿತ್ತು. ನನ್ನ ಹೆಂಡತಿ ಕುಂಕುಮ ತರಲು ಒಳಗೆ ಹೋದಳು. ನಾನು ಫೋನಿನಲ್ಲಿ ಏನೋ ನೋಡುತ್ತಿದ್ದೆ. ತಲೆ ಎತ್ತಿದಾಗ ಎದುರಿನ ಕುರ್ಚಿ ಖಾಲಿ ಇತ್ತು. ಹೆಂಡತಿ ತಟ್ಟೆ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಅಕ್ಕ ಬೀದಿಯ ತಿರುವಿನಲ್ಲಿದ್ದಳು. ಬೆನ್ನು ಮಾತ್ರ ಕಾಣುತ್ತಿತ್ತು.

"ಅಕ್ಕ ಹೇಳ್ದೇನೇ ಹೋದ್ರಾ?" ಎಂದಳು ಹೆಂಡತಿ.

ಸಂಜೆ ಫೋನು ಮಾಡಿ ಕೇಳಿದೆ. ಅಕ್ಕ, "ಏಳ್ನಿಲ್ವ ನಾನು? ಏಳ್ದೆ ಅಂತ್ಲೇ ಅಂದ್ಕಂಡಿದ್ದೆ ಕಣೋ" ಎಂದಳು. ಹಿಂದೆ ಯಾರೋ ಹೆಂಗಸರ ಅಳು ಕೇಳಿಸುತ್ತಿತ್ತು. ಆಮೇಲೆ ಮಾತಾಡುತ್ತೇನೆ ಎನ್ನದೆ ಫೋನು ಇಟ್ಟಳು.